ಕ್ಯಾಪ್ಟನ್ ಕೆಲಸ ಬಿಟ್ಟಿದ್ದೇಕೆ

ಕ್ಯಾಪ್ಟನ್ ಯಾರ ಮಾತನ್ನೂ ಸುಮ್ಮನೆ ನಂಬುತ್ತಿರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ನಾವು ನೀವೆಲ್ಲ ಕೇಳಿ ಮರೆತಿದ್ದೇವೆ. ಅವರು ಅದರಲ್ಲೇ ಅನ್ನ ಸಂಪಾದಿಸಿದರು. ವಾಯುಸೇನೆಯಲ್ಲಿದ್ದಾಗ ಬೆಟ್ಟದ ಮೇಲಿನ ಠಾಣೆಗಳಿಗೆ ಹಿಟ್ಟು, ಸೀಮೆಎಣ್ಣೆ, ಔಷಧಿ ಹೊತ್ತ ವಿಮಾನ ಹಾರಿಸುತ್ತಿದ್ದರು. ಹೊರಡುವ ಮುಂಚೆ ವಿಮಾನಕ್ಕೆ ಒಂದು ಸುತ್ತು ಬಂದು ಟೈರು, ರೆಕ್ಕೆಯ ಅಂಚು, ಇಂಧನದ ಮುಚ್ಚಳ ಎಲ್ಲವನ್ನೂ ಕೈಯಿಂದ ಮುಟ್ಟಿ ನೋಡಬೇಕು. ಆಗಲೇ ನೋಡಿಯಾಗಿದೆ ಎಂದು ಮೆಕ್ಯಾನಿಕ್ ಮುಖ ಸಿಂಡರಿಸಿದರೆ, ನೀನು ದೇವರಂಥವನಪ್ಪ, ಆದರೆ ಮೇಲಕ್ಕೆ ಹೋಗುವವನು ನಾನು ಎನ್ನುತ್ತಿದ್ದರು. ಆಮೇಲೆ ಪ್ರಯಾಣಿಕರ ವಿಮಾನಕ್ಕೆ ಬಂದರು. ಸಂಬಳ ಬದಲಾಯಿತು, ಟೋಪಿ ಬದಲಾಯಿತು, ಚಾಳಿ ಬದಲಾಗಲಿಲ್ಲ.

ಹೆಂಡತಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವಳು, ಬೀದಿಗೆಲ್ಲ ಟೀಚರ್. ಗ್ಯಾಸ್ ಆರಿಸಿದ್ದೀನಿ ಎಂದು ಆಕೆ ಹೇಳಿದರೂ ಕ್ಯಾಪ್ಟನ್ ಎದ್ದು ಹೋಗಿ ನೋಡಿ ಬರುತ್ತಿದ್ದರು. ಮದುವೆಯಾದ ಹೊಸದರಲ್ಲಿ ಟೀಚರಿಗೆ ಉರಿಯುತ್ತಿತ್ತು. ಆಮೇಲೆ, ಹುಟ್ಟುಗುಣ ಸುಟ್ಟರೂ ಹೋಗದು ಎಂದು ಕೈಬಿಟ್ಟಳು.

ಇಂಥ ಮನುಷ್ಯ, ನಿವೃತ್ತಿಗೆ ಇನ್ನೂ ವರ್ಷಗಳಿರುವಾಗ, ಒಂದು ಮಧ್ಯಾಹ್ನ ಮನೆಗೆ ಬಂದು ಸಮವಸ್ತ್ರವನ್ನು ಮಡಿಸಿ ಬೀರುವಿನ ತಳಕ್ಕೆ ಹಾಕಿದರು. ಇನ್ನು ಹೋಗುವುದಿಲ್ಲ ಎಂದರು. ಯಾಕೆ ಎಂದರೆ, ಸಾಕಾಯಿತು. ಅಷ್ಟೇ. ಆಮೇಲೆ ಬಾಯಿಗೆ ಬೀಗ.

ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ? ಬೀದಿಯಲ್ಲಿ ತಲೆಗೊಂದು ಮಾತು ಹುಟ್ಟಿತು. ಕುಡಿದು ಸಿಕ್ಕಿಬಿದ್ದರಂತೆ ಎಂದ ಕೆಳಗಿನ ಔಷಧಿ ಅಂಗಡಿಯವನು. ಕಣ್ಣು ಮಂಜಾಗಿರಬೇಕು, ಅದಕ್ಕೇ ಕಳಿಸಿದ್ದಾರೆ ಎಂದರು ಕ್ಯಾಪ್ಟನ್ನರ ಅಣ್ಣ, ತಮ್ಮನ ಎದುರಿಗಲ್ಲ, ಬೆನ್ನ ಹಿಂದೆ. ಟೀಚರ್ ಒಂದೊಂದನ್ನೇ ತೂಗಿ ನೋಡಿದಳು. ಕುಡಿಯುವವರಲ್ಲ. ಕಣ್ಣೋ, ಅಕ್ಕಿಯಲ್ಲಿರುವ ಕಲ್ಲನ್ನು ದೂರದಿಂದಲೇ ತೋರಿಸುವಂಥದ್ದು. ಹೀಗೆ ಕಳೆಯುತ್ತ ಬಂದರೆ ಕೊನೆಗೆ ಉಳಿದದ್ದು ಒಂದೇ: ಆ ಹುಡುಗಿ.

ಆ ಹುಡುಗಿ ಎಂದರೆ ಅವರ ಕೋ-ಪೈಲಟ್. ಕೆಲಸ ಬಿಡುವ ಮುಂಚೆ ಕ್ಯಾಪ್ಟನ್ ಊಟಕ್ಕೆ ಕೂತಾಗಲೆಲ್ಲ ಅವಳ ಮಾತು ಬರುತ್ತಿತ್ತು, ಬಲು ಚುರುಕು ಎಂದು. ಬಿಟ್ಟ ಮೇಲೆ ಅವಳ ಸೊಲ್ಲೆತ್ತಲಿಲ್ಲ. ಆದರೆ ಆಗಾಗ ಫೋನ್ ಬರುತ್ತಿತ್ತು. ಬಂದದ್ದೇ ಕ್ಯಾಪ್ಟನ್ ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಿದ್ದರು. ಗಾಜಿನಾಚೆ ಅವರ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ ಎಂದು ಟೀಚರ್ ಒಳಗೊಳಗೇ ಕುದಿಯುತ್ತಿದ್ದಳು. ಕೇಳಲಿಲ್ಲ. ಕೇಳಿದರೆ ಹೌದು ಎಂದುಬಿಟ್ಟಾರು ಎಂಬ ಭಯ. ಹೌದು ಎಂದರೆ ಅಷ್ಟು ವರ್ಷ ಕೂಡಿ ಬಾಳಿದ್ದು ಏನು, ಸುಳ್ಳೇ? ಆ ಒಂದು ಪ್ರಶ್ನೆ ಗಂಟಲಲ್ಲೇ ಇರುವಾಗ, ಒಂದು ಬೆಳಿಗ್ಗೆ ಪತ್ರಿಕೆ ಓದುತ್ತಿದ್ದ ಹಾಗೇ ಕ್ಯಾಪ್ಟನ್ ಎದೆ ಹಿಡಿದುಕೊಂಡು ಹೋಗಿಬಿಟ್ಟರು.

ತಿಂಗಳು ಕಳೆದ ಮೇಲೆ ಆ ಹುಡುಗಿ ಮನೆಗೇ ಬಂದಳು. ಈಗ ಅವಳೂ ಕ್ಯಾಪ್ಟನ್ನೇ. ಊರಲ್ಲಿರಲಿಲ್ಲ, ಸುದ್ದಿ ತಡವಾಗಿ ಗೊತ್ತಾಯಿತು ಎಂದಳು. ಬೇರೆ ಕುರ್ಚಿಗಳಿದ್ದರೂ ಹೋಗಿ ಸತ್ತವರ ಕುರ್ಚಿಯಲ್ಲೇ ಕೂತಳು. ಗೊತ್ತಿಲ್ಲದೆ ಕೂತಳೋ, ಗೊತ್ತಿದ್ದೇ ಕೂತಳೋ? ಟೀಚರ್ ನೀರು ತಂದುಕೊಟ್ಟು, ಪರೀಕ್ಷೆಯಲ್ಲಿ ನಕಲು ಹೊಡೆಯುವವರನ್ನು ನೋಡುವ ಹಾಗೆ ಅವಳನ್ನೇ ನೋಡುತ್ತ ಕೂತಳು. ಇನ್ನು ಯಾರಿಗೆ ಹೆದರಬೇಕು?

"ನೇರವಾಗಿ ಕೇಳ್ತೀನಿ. ಅವರು ಕೆಲಸ ಬಿಟ್ಟಿದ್ದು ನಿಮ್ಮಿಂದಾನಾ?"

ಹುಡುಗಿ ಲೋಟ ಕೆಳಗಿಟ್ಟಳು. "ಹೌದು ಮೇಡಂ."

ಎದ್ದು ಹೋಗು ಎಂಬ ಮಾತು ಟೀಚರ್ ನಾಲಿಗೆ ತುದಿಯಲ್ಲಿತ್ತು. ಅಷ್ಟರಲ್ಲಿ ಹುಡುಗಿ ಹೇಳತೊಡಗಿದಳು.

ವಿಮಾನ ಇಳಿಸುವಾಗ ಒಬ್ಬರು ಪಟ್ಟಿಯ ಒಂದೊಂದೇ ಅಂಶವನ್ನು ಓದುತ್ತ ಹೋಗಬೇಕು, ಇನ್ನೊಬ್ಬರು ಕಣ್ಣಿಂದ ನೋಡಿ ಉತ್ತರ ಕೊಡಬೇಕು. ಅವತ್ತು ಅವಳು ಓದುತ್ತಿದ್ದಳು, ಕ್ಯಾಪ್ಟನ್ ಹಾರಿಸುತ್ತಿದ್ದರು. ಚಕ್ರ ಎಂದು ಅವಳು ಕೇಳಿದ್ದಕ್ಕೆ, ಇಳಿದಿದೆ, ಮೂರೂ ದೀಪ ಹಸಿರು ಎಂದರು. ಅವಳು ನೋಡಿದರೆ ಒಂದು ದೀಪವೂ ಹತ್ತಿರಲಿಲ್ಲ. ಚಕ್ರ ಇಳಿಸುವ ಹಿಡಿಯನ್ನೇ ಇಬ್ಬರೂ ಮುಟ್ಟಿರಲಿಲ್ಲ. ಜೀವಮಾನವಿಡೀ ಹೇಳಿ ಹೇಳಿ ರೂಢಿಯಾದ ಉತ್ತರ, ಕಣ್ಣಿಗಿಂತ ಮುಂಚೆ ಬಾಯಿಂದ ಬಂದುಬಿಟ್ಟಿತ್ತು. ಅವಳು ಕೂಗಿ ಹೇಳಿದಳು. ಕ್ಯಾಪ್ಟನ್ ವಿಮಾನವನ್ನು ಮತ್ತೆ ಮೇಲೆತ್ತಿ, ಒಂದು ಸುತ್ತು ಹಾಕಿ, ಹೂವಿನ ಹಾಗೆ ಇಳಿಸಿದರು. ಗಾಳಿ ಜೋರಿತ್ತೇನೋ ಎಂದುಕೊಂಡು ಪ್ರಯಾಣಿಕರು ಚೀಲ ಎತ್ತಿಕೊಂಡು ಹೋದರು.

ಯಾರಿಗೂ ಹೇಳಬೇಡಿ ಸರ್ ಎಂದು ಅವಳೇ ಬೇಡಿಕೊಂಡಿದ್ದಳು. ಅವರು ನೇರ ಆಫೀಸಿಗೆ ಹೋಗಿ ತಾವಾಗಿ ಒಪ್ಪಿಕೊಂಡರು. ಮತ್ತೆ ತರಬೇತಿ ಮುಗಿಸಿ ಬನ್ನಿ ಎಂದಿದ್ದರು ಮೇಲಿನವರು. ಇವರು ಒಪ್ಪಲಿಲ್ಲ. ಆ ಫೋನುಗಳೂ ಅವಳವೇ. ಕ್ಯಾಪ್ಟನ್ ಆಗಲು ಕೊಡಬೇಕಾದ ಪ್ರತಿ ಪರೀಕ್ಷೆಗೆ ಮುಂಚೆ ಫೋನ್ ಮಾಡುತ್ತಿದ್ದಳು. ಅವರು ಪ್ರಶ್ನೆ ಕೇಳಿ ಕೇಳಿ ಬೆವರಿಳಿಸುತ್ತಿದ್ದರು.

ಟೀಚರ್ ತಡೆದುಕೊಂಡಿದ್ದ ಉಸಿರು ಹೊರಬಂತು. "ಅಯ್ಯೋ, ಏನೂ ಆಗ್ಲಿಲ್ವಲ್ಲ! ಅಷ್ಟಕ್ಕೇ ಯಾರಾದ್ರೂ ಕೆಲಸ ಬಿಡ್ತಾರಾ?"

ಹುಡುಗಿ ತಲೆ ತಗ್ಗಿಸಿದಳು. ಯಾಕೆ, ಏನು ಎಂದು ಟೀಚರ್ ಬಿಡದೆ ಕೇಳಿದ ಮೇಲೆಯೇ ಬಾಯಿಬಿಟ್ಟಳು.

"ಮನೇಲಿ ಹೇಳಿದ್ರಾ ಸರ್ ಅಂತ ಅವತ್ತೇ ಕೇಳಿದ್ದೆ ಮೇಡಂ. ಇಲ್ಲ ಅಂದ್ರು. ಹೇಳಿದ್ರೆ ನನ್ನ ಹೆಂಡ್ತಿ, ಏನೂ ಆಗ್ಲಿಲ್ವಲ್ಲ ಬಿಡಿ ಅಂತಾಳೆ. ಅವಳು ಹಾಗಂದ್ರೆ ನಾನು ನಂಬಿಬಿಡ್ತೀನಿ, ನಾಳೆ ಮತ್ತೆ ಹೋಗಿ ಅದೇ ಸೀಟಲ್ಲಿ ಕೂತ್ಕೋತೀನಿ, ಅಂದ್ರು."

ಟೀಚರ್ ಪರಿಚಯವಿಲ್ಲದ ಆ ಹುಡುಗಿಯ ಎದುರಿಗೇ ಸೆರಗು ಬಾಯಿಗೊತ್ತಿಕೊಂಡು ಗಟ್ಟಿಯಾಗಿ ಅತ್ತಳು. ಗಂಡ ಹೋದ ದಿನವೂ ಆಕೆ ಹೀಗೆ ಅತ್ತಿರಲಿಲ್ಲ. ಅವತ್ತು ಅಳುವುದಕ್ಕೂ ಅನುಮಾನ ಅಡ್ಡ ಬಂದಿತ್ತು.