ನನಗೆ ಕೇಳದ ನನ್ನ ಕೀಬೋರ್ಡು

ಬೇಲೂರಿಗೆ ಬಂದ ಮೂರನೆಯ ದಿನ, ಭಾನುವಾರ ಮಧ್ಯಾಹ್ನ, ಮನೆ ಯಜಮಾನಿ ಜಯಮ್ಮನವರು ಮಹಡಿ ಹತ್ತಿ ಬಂದು, ಟೈಪು ಮಾಡುತ್ತಿದ್ದ ನನ್ನ ಎರಡೂ ಕೈಗಳನ್ನು ಹಿಡಿದು ಮೇಲಕ್ಕೆತ್ತಿದರು. ಬೆಚ್ಚಿಬಿದ್ದೆ. ಬಾಗಿಲು ಬಡಿದೂ ಬಡಿದೂ ಸಾಕಾಗಿ ಒಳಗೇ ಬಂದುಬಿಟ್ಟಿದ್ದರಂತೆ. ಅವರ ತುಟಿಗಳು ಆಡುತ್ತಿದ್ದವು, ನನಗೆ ಒಂದಕ್ಷರವೂ ಸಿಗಲಿಲ್ಲ. ಮೇಜಿನ ಮೇಲಿದ್ದ ಕಿವಿಯ ಮಿಷನ್ನು ಹುಡುಕಿ ಹಾಕಿಕೊಂಡು, "ಇನ್ನೊಮ್ಮೆ ಹೇಳ್ರಿ" ಅಂದೆ.

"ಅದೇನಮ್ಮ ಅದು, ಒಂದ್ ಗಂಟೆಯಿಂದ ನಮ್ ತಲೆ ಮೇಲೆ ಹುಣಸೆಬೀಜ ಸುರಿದಂಗೆ ಸದ್ದು?"

ಸದ್ದೇ? ನನ್ನಿಂದಲೇ? ಮೂವತ್ತೆಂಟು ವರ್ಷದ ನನಗೆ, ನಾನು ಸದ್ದು ಮಾಡುವವಳು ಎಂದು ಯಾರೂ ಹೇಳಿರಲಿಲ್ಲ.

ನನ್ನ ಊರು ದೂರದ ಉತ್ತರದ ಇಂಡಿ. ಅಲ್ಲಿನ ನನ್ನವರಿಗೆ ನನ್ನ ಕಿವಿಯ ವಿಷಯ ಗೊತ್ತು. ಹನ್ನೆರಡನೆಯ ವಯಸ್ಸಿನಲ್ಲಿ ಬಂದ ಜ್ವರ ಎಡಗಿವಿಯನ್ನು ಪೂರ್ತಿ, ಬಲಗಿವಿಯನ್ನು ಮುಕ್ಕಾಲು ಪಾಲು ಒಯ್ದಿತು. ಅಂದಿನಿಂದ ಎದುರಿದ್ದವರ ತುಟಿ ನೋಡಿಯೇ ನಾನು ಮಾತು ಓದುವುದು. ಇಂಡಿಯಲ್ಲಿ ಹನ್ನೊಂದು ವರ್ಷ ಟೈಪು ಮಾಡಿದ ಸೈಬರ್ ಅಂಗಡಿ ಮುಚ್ಚಿತು. ಕನ್ನಡ ಟೈಪಿಸ್ಟರ ವಾಟ್ಸಾಪ್ ಗುಂಪಿನಲ್ಲಿ, ಬೇಲೂರಿನ ಪತ್ರ ಬರಹಗಾರರೊಬ್ಬರಿಗೆ 'ನುಡಿ' ತಂತ್ರಾಂಶದಲ್ಲಿ ವೇಗವಾಗಿ ಟೈಪು ಮಾಡುವವರು ಬೇಕು ಎಂದು ಬಂತು. ಒಂದು ಚೀಲ ಬಟ್ಟೆ, ಹಳೆ ಸೀರೆಗಳಿಂದ ಅವ್ವ ಹೊಲಿದ ಒಂದು ಕೌದಿ, ಒಂದು ಹಳೆಯ ಲ್ಯಾಪ್‌ಟಾಪು, ಒಂದು ಕೀಬೋರ್ಡು ಹೊತ್ತು ರೈಲು ಹತ್ತಿದೆ. ಬೆಳಗ್ಗೆ ಅರಸೀಕೆರೆಯಲ್ಲಿ ಇಳಿದು, ಜಾವಗಲ್ಲು ಹಳೇಬೀಡು ದಾಟಿ ಬಸ್ಸಿನಲ್ಲಿ ಬರುವಾಗ ಕಂಡಕ್ಟರು ಏನೋ ಹೇಳಿದರು. ಮೂರು ಸಲ ಹೇಳಿಸಿಕೊಂಡೆ, ಸಿಗಲಿಲ್ಲ. ಕೊನೆಗೆ ಪಕ್ಕದ ಹೆಂಗಸು ನನ್ನ ಚೀಲ ತೋರಿಸಿ, ಅದನ್ನು ಮೇಲಿಡಲು ಹೇಳುತ್ತಿದ್ದಾರೆ ಎಂದು ಸನ್ನೆ ಮಾಡಿದರು.

ಆಗಲೇ ಭಯ ಶುರುವಾಯಿತು. ಕನ್ನಡದ ನಾಡಿನಿಂದ ಕನ್ನಡದ ನಾಡಿಗೇ ಬಂದಿದ್ದೇನೆ, ಭಾಷೆಯ ತೊಂದರೆ ಏನು ಎಂದುಕೊಂಡಿದ್ದೆ. ಆದರೆ ನಾನು ಕಲಿತದ್ದು ಕನ್ನಡವನ್ನಲ್ಲ, ನಮ್ಮ ಊರಿನ ಬಾಯಿಗಳನ್ನು. ನಮ್ಮಲ್ಲಿ ಮನಿ, ಐತಿ, ಹೊಂಟೀನಿ. ಮಾತಿನ ಕೊನೆಗೆ ತುಟಿ ಎರಡೂ ಕಡೆಗೆ ಎಳೆದುಕೊಳ್ಳುತ್ತದೆ. ಇಲ್ಲಿ ಮನೆ, ಐತೆ. ತುಟಿ ಅರ್ಧಕ್ಕೇ ಸಡಿಲಾಗಿ ನಿಲ್ಲುತ್ತದೆ. 'ಬರ್ತೀನಿ' ಇಲ್ಲಿ 'ಬತ್ತೀನಿ' ಆಗುತ್ತದೆ. 'ಮತ್ತೆ' ಎಂದರೂ 'ಬತ್ತೀನಿ' ಎಂದರೂ ಮೊದಲ ಅರ್ಧ ತುಟಿಯ ಮೇಲೆ ಒಂದೇ. ಮೊದಲ ವಾರವೆಲ್ಲ ಜನ ಹೊರಟುಹೋದ ಮೇಲೆ, ಅವರು ಹೊರಡುತ್ತೇವೆ ಎಂದಿದ್ದರು ಎಂದು ತಿಳಿಯುತ್ತಿತ್ತು.

ನನ್ನ ಕೆಲಸದ ಯಜಮಾನರು ನಂಜುಂಡಯ್ಯನವರು. ತಾಲ್ಲೂಕು ಕಚೇರಿಯ ಹಿಂದಿನ ಓಣಿಯಲ್ಲಿ, ಓಣಿಗೆ ಇಲ್ಲಿ ಗಲ್ಲಿ ಎನ್ನುತ್ತಾರೆ, ಅವರ ಒಂದು ಕೋಣೆಯ ಕಚೇರಿ. ಕ್ರಯಪತ್ರ, ವಿಭಾಗಪತ್ರ, ದಾನಪತ್ರ ಬರೆಯುವುದರಲ್ಲಿ ಕೂದಲು ಬೆಳ್ಳಗಾದವರು. ಒಳ್ಳೆಯ ಮನುಷ್ಯರು, ಆದರೆ ಮೀಸೆ ಮೇಲ್ದುಟಿಯನ್ನು ಪೂರ್ತಿ ಮುಚ್ಚಿತ್ತು, ಬಾಯಿಯಲ್ಲಿ ಸದಾ ಎಲೆಯಡಿಕೆ. ಅವರ ಮಾತು ಓದುವುದು ಒದ್ದೆಯಾದ ಕಾಗದ ಓದಿದ ಹಾಗೆ. ಹೀಗಾಗಿ ಅವರು ಬರೆದುಕೊಟ್ಟದ್ದನ್ನು ಟೈಪು ಮಾಡುವುದು, ಕೇಳಿದ್ದಕ್ಕೆಲ್ಲ ತಲೆಯಾಡಿಸುವುದು, ಆಮೇಲೆ ಏನಕ್ಕೆ ತಲೆಯಾಡಿಸಿದೆನೋ ಎಂದು ಹೆದರುವುದು, ಇಷ್ಟು ನನ್ನ ದಿನಚರಿಯಾಯಿತು.

ಕಚೇರಿಯ ಕೀಬೋರ್ಡಿನ ಕೀಗಳು ಕೆಸರಿನಲ್ಲಿ ಕಾಲಿಟ್ಟ ಹಾಗೆ ಮೆತ್ತಗೆ ಇಳಿಯುತ್ತಿದ್ದವು. ಅಕ್ಷರ ಬಿತ್ತೋ ಇಲ್ಲವೋ ಬೆರಳಿಗೆ ತಿಳಿಯುತ್ತಿರಲಿಲ್ಲ. ಎರಡನೆಯ ದಿನವೇ ನನ್ನದನ್ನು ತಂದು ಜೋಡಿಸಿದೆ. ಉಳಿದ ಕೆಲಸಕ್ಕೆಂದು ಸಂಜೆ ಅದನ್ನು ಮನೆಗೂ ಒಯ್ಯುತ್ತಿದ್ದೆ. ಅದು ಕಂಪ್ಯೂಟರಿನಲ್ಲಿ ಆಟವಾಡುವವರ ಕೀಬೋರ್ಡು. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಮೆಕ್ಯಾನಿಕಲ್ ಮಾದರಿ. ಪ್ರತಿ ಕೀಯ ಕೆಳಗೂ ಬೇರೆ ಬೇರೆ ಸ್ಪ್ರಿಂಗು, ನೀಲಿ ಬಣ್ಣದ ಪುಟ್ಟ ಸ್ವಿಚ್ಚು. ಒತ್ತಿದಾಗ ನಡುವೆ ಒಂದು ಸಣ್ಣ ಉಬ್ಬು ಬೆರಳಿಗೆ ತಾಗುತ್ತದೆ. ಅದು ತಾಗಿತೆಂದರೆ ಅಕ್ಷರ ಬಿತ್ತು. ಆ ಉಬ್ಬಿಗಾಗಿಯೇ ಅದನ್ನು ಕೊಂಡದ್ದು. ಅದೇ ಉಬ್ಬು 'ಟಿಕ್' ಎಂದು ಸಿಡಿಯುತ್ತದೆ ಎಂಬುದು ಡಬ್ಬಿಯ ಮೇಲೆ ಬರೆದಿತ್ತೇನೋ, ನಾನು ಲಕ್ಷ್ಯ ಕೊಟ್ಟಿರಲಿಲ್ಲ. ಕೆಲಸ ಮಾಡುವಾಗ ಮಿಷನ್ನು ತೆಗೆದಿಡುವ ಅಭ್ಯಾಸ ನನ್ನದು. ಇಂಡಿಯ ಅಂಗಡಿಯ ಮುಂದೆ ದಿನವಿಡೀ ಟ್ರ್ಯಾಕ್ಟರುಗಳು, ಹಿಂದಿನ ಮನೆಯಲ್ಲಿ ರೊಟ್ಟಿ ಬಡಿತ. ಆ ಗದ್ದಲದಲ್ಲಿ ನನ್ನ ಟಿಕ್ ಯಾರಿಗೆ ಕೇಳಬೇಕು?

ಇಲ್ಲಿ ರೊಟ್ಟಿ ಬಡಿಯುವುದಿಲ್ಲ. ಅಕ್ಕಿ ರೊಟ್ಟಿಯನ್ನು ಬೆರಳಿನಿಂದ ತಟ್ಟುತ್ತಾರೆ, ಮುದ್ದೆಯನ್ನು ಕೋಲಿನಿಂದ ತಿರುವುತ್ತಾರೆ. ನಮ್ಮ ಮನೆಯಲ್ಲಿ ಬೆಳಗಾಯಿತೆಂದು ನನಗೆ ಗೊತ್ತಾಗುತ್ತಿದ್ದುದೇ ನೆಲದಿಂದ ಬೆನ್ನಿಗೆ ಬರುವ ರೊಟ್ಟಿಯ ಬಡಿತದಿಂದ. ಜಯಮ್ಮನವರ ಮನೆಯ ನೆಲ ಬೆಳಗ್ಗೆ ಸುಮ್ಮನಿರುತ್ತದೆ. ಆ ಅಲುಗದ ನೆಲಕ್ಕೆ ನಾನು ಬಹಳ ದಿನ ಹೆದರಿದೆ.

ಜಯಮ್ಮನವರು ಅಂಗನವಾಡಿ ಕೆಲಸದಿಂದ ನಿವೃತ್ತರಾದವರು, ಒಬ್ಬರೇ ಇರುವವರು. ಆ ಭಾನುವಾರದ ನಂತರ ನಾನು ಕೀಬೋರ್ಡಿನ ಅಡಿಗೆ ಅವ್ವನ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದೆ. ಆದರೂ ಬೆರಳು ಹಗುರಾಗಲಿಲ್ಲ. ಈಗ ಕೇಳುತ್ತಿದೆಯೇ, ಈಗ? ಮನೆ ಬಿಡಿ ಎಂದರೆ ಎಲ್ಲಿಗೆ ಹೋಗಲಿ? ಹದಿನೈದು ನಿಮಿಷಕ್ಕೊಮ್ಮೆ ಮೆಟ್ಟಿಲಿಗೆ ಹೋಗಿ ಕೆಳಗೆ ಅವರ ಮುಖ ನೋಡಿ ಬರುತ್ತಿದ್ದೆ. ಒಂದು ದಿನ ಅವರೇ ತಲೆಯೆತ್ತಿ, "ನೀನ್ ಹತ್ತಿ ಇಳಿಯೋ ಸದ್ದೇ ಜಾಸ್ತಿ ಆಯ್ತಲ್ಲೇ, ಕೂತ್ಕೊಂಡ್ ಕೆಲ್ಸ ಮಾಡು" ಎಂದರು. ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅದು ಸಿಟ್ಟೋ ಸಲುಗೆಯೋ ತಿಳಿಯದೆ ಆ ದಿನ ಊಟ ಸೇರಲಿಲ್ಲ.

ಕಚೇರಿಯಲ್ಲಿ ಕೀಬೋರ್ಡಿನ ಬಣ್ಣದ ದೀಪಗಳು ಇನ್ನೊಂದು ಪೇಚು. ಕೆಂಪು, ಹಸಿರು, ನೇರಳೆ ಅಲೆಯಲೆಯಾಗಿ ಓಡುತ್ತಿದ್ದವು. ಪತ್ರ ಮಾಡಿಸಲು ಬಂದ ಒಬ್ಬರು ಅಜ್ಜ ನೋಡಿ ನೋಡಿ, "ಏನವ್ವ, ಆಸ್ತಿ ಪತ್ರಕ್ಕೆ ಸೀರಿಯಲ್ ಸೆಟ್ ಹಾಕಿದೀಯಲ್ಲ" ಎಂದರಂತೆ. ಕೋಣೆಯೆಲ್ಲ ನಕ್ಕಿತು. ನಾನು ಎರಡು ಕ್ಷಣ ತಡವಾಗಿ ನಕ್ಕೆ. ದೀಪ ಆರಿಸುವ ಕೀಗಳ ಜೋಡಿ ಹುಡುಕಲು ನನಗೆ ಎರಡು ದಿನ ಹಿಡಿಯಿತು. ಅದು ಸಿಕ್ಕ ಸಂಜೆ ನನಗೆ ನಾನೇ ಒಂದು ಮಸಾಲೆ ದೋಸೆ ಕೊಡಿಸಿಕೊಂಡೆ.

ನಾಲ್ಕನೆಯ ತಿಂಗಳಲ್ಲಿ 'ನಾಲ್ಕು' ಅಂಕಿಯ ಕೀ ಕೆಟ್ಟಿತು. ಒಮ್ಮೆ ಒತ್ತಿದರೆ ಕೆಲವೊಮ್ಮೆ ಎರಡು ನಾಲ್ಕು ಬೀಳುತ್ತಿದ್ದವು. ಬೆರಳಿಗೆ ತಾಗುವ ಉಬ್ಬು ಒಂದೇ, ಪರದೆಯ ಮೇಲೆ ಮಾತ್ರ ಎರಡು. ಅಗ್ಗದ ಕೀಬೋರ್ಡುಗಳಿಗೆ ಈ ರೋಗ ಬರುತ್ತದೆ ಎಂದು ಆಮೇಲೆ ಓದಿದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಕೆಸರಿನ ಕೀಬೋರ್ಡಿಗೆ ಮರಳಬೇಕು, ವೇಗ ಬೀಳುತ್ತದೆ, ಕಿವಿ ಕೇಳದವಳ ಕೈಯೂ ನಿಧಾನವಾದರೆ ಅವರಿಗೆ ನನ್ನಿಂದ ಏನು ಉಪಯೋಗ? ಎಂಟು ದಿನ ಕಣ್ಣಿನಿಂದ ಹಿಡಿದು ಹಿಡಿದು ಅಳಿಸಿದೆ.

ಒಂಬತ್ತನೆಯ ದಿನ ಮಾದಿಹಳ್ಳಿಯ ಗೌರಮ್ಮನವರ ದಾನಪತ್ರ. ಡೈರಿಗೆ ಹಾಲು ಹಾಕಿ ಬದುಕುವ ಹೆಂಗಸು, ಗಂಡ ಇಲ್ಲ. ಅವರ ಅಣ್ಣ ಶಿವಮೊಗ್ಗದಲ್ಲಿ ನೆಲೆಸಿದವರು, ತೆಂಗಿನ ಮರಗಳಿದ್ದ ಹತ್ತು ಗುಂಟೆ ಜಮೀನನ್ನು ತಂಗಿಗೆ ಕೊಡುತ್ತಿದ್ದರು. ಅತ್ತಿಗೆಗೆ ಇಷ್ಟವಿಲ್ಲ, ಅಣ್ಣ ಮನೆಯಲ್ಲಿ ಹೇಳದೆ ಬಂದಿದ್ದಾರೆ, ಇನ್ನೊಂದು ಸಲ ಬರುವವರಲ್ಲ ಎಂದು ಗೌರಮ್ಮನವರು ಹಿಂದಿನ ದಿನವೇ ಹೇಳಿದ್ದರು. ನನ್ನ ಮುಖಕ್ಕೆ ಮುಖ ಕೊಟ್ಟು, ನಿಧಾನವಾಗಿ. ಮೊದಲ ಭೇಟಿಯಲ್ಲೇ ಹಾಗೆ ಮಾತಾಡಿದ ಬೇಲೂರು ಸೀಮೆಯವರು ಅವರೊಬ್ಬರೇ.

ಎಲ್ಲರೂ ಸಹಿ ಹಾಕಿ ನೋಂದಣಿ ಕಚೇರಿಗೆ ಹೋದರು. ನಾನು ನಮ್ಮ ಪ್ರತಿಯನ್ನು ಫೈಲಿಗೆ ಹಾಕಲು ತೆಗೆದೆ. ಕೊನೆಯ ಹಾಳೆಯ ಆಸ್ತಿ ವಿವರದಲ್ಲಿ ಸರ್ವೆ ನಂಬರ್ ೬೪ ಇರಬೇಕಾದಲ್ಲಿ ೬೪೪ ಎಂದಿತ್ತು.

ನಂಜುಂಡಯ್ಯನವರಿಗೆ ಮೆಸೇಜು ಹಾಕಿದೆ, ಅವರು ನೋಡಲಿಲ್ಲ. ಫೋನು ಮಾಡಿದರೆ ನನಗೆ ಕೇಳದು. ಒಂದು ಕ್ಷಣ, ಒಂದೇ ಕ್ಷಣ, ಸುಮ್ಮನಿದ್ದುಬಿಡಲೇ ಅನ್ನಿಸಿತು. ಅಲ್ಲಿ ಯಾರಾದರೂ ಕಂಡುಹಿಡಿದಾರು, ಬರಿಯ ಟೈಪಿನ ತಪ್ಪು ಅಂದಾರು. ಯಾರೂ ಕಾಣದಿದ್ದರೆ? ಇಲ್ಲದ ಜಮೀನನ್ನು ಕೈಯಲ್ಲಿ ಹಿಡಿದು ಆ ಹೆಂಗಸು ಮನೆಗೆ ಹೋಗುತ್ತಾರೆ. ಬಾಗಿಲು ಹಾಕಿ ಓಡಿದೆ.

ನೋಂದಣಿ ಕಚೇರಿಯ ತುಂಬ ಜನ. ದೂರದಲ್ಲಿ, ಕಿಟಕಿಯ ಹತ್ತಿರ ನಂಜುಂಡಯ್ಯನವರು ಕಾಗದ ಕೊಡಲು ಕೈ ಚಾಚಿದ್ದರು. ಜನರನ್ನು ದಾಟಲು ಆಗಲಿಲ್ಲ. "ಕೊಡಬ್ಯಾಡ್ರಿ! ನಿಲ್ಲಸ್ರಿ!" ಎಂದೆ. ನನ್ನ ದನಿ ಎಷ್ಟು ಜೋರು ಎಂಬುದು ನನಗೆ ಎಂದೂ ಗೊತ್ತಾಗುವುದಿಲ್ಲ. ಒಮ್ಮೆಗೇ ಎಲ್ಲ ತಲೆಗಳೂ ನನ್ನ ಕಡೆ ತಿರುಗಿ, ಎಲ್ಲ ತುಟಿಗಳೂ ನಿಂತವು. ಆಗ ತಿಳಿಯಿತು.

ಹಾಳೆ ತೋರಿಸಿದೆ. ಗೌರಮ್ಮನವರ ಅಣ್ಣ ವಾಚು ನೋಡಿಕೊಂಡರು. "ಏನ್ರೀ ಇದು? ನಾನ್ ಹನ್ನೆರಡೂವರೆ ಬಸ್ ಹಿಡೀಬೇಕು. ಇನ್ನೊಂದ್ ದಿನ ಅಂದ್ರೆ ನನ್ ಕೈಲಾಗಲ್ಲ."

ಗೌರಮ್ಮನವರು ಅಣ್ಣನ ಮುಂಗೈ ಹಿಡಿದುಕೊಂಡರು, ಚಿಕ್ಕವರಿದ್ದಾಗ ಸಂತೆಯಲ್ಲಿ ಹಿಡಿದುಕೊಂಡಿರಬಹುದಾದ ಹಾಗೆ.

ನಂಜುಂಡಯ್ಯನವರು ಎಲೆಯಡಿಕೆ ಉಗಿದು ಬಂದರು. ಈ ಸಲ ಅವರ ಮಾತು ಸ್ಪಷ್ಟವಾಗಿ ಓದಲು ಸಿಕ್ಕಿತು. "ನಾನ್ ಬರ್ಕೊಟ್ಟಿದ್ದು ಸರಿಯಾಗೇ ಐತೆ. ಇದ್ ಹೆಂಗಾಯ್ತು?"

"ನಾಕರ ಕೀ ಎರಡೆರಡು ಬೀಳ್ತೈತ್ರಿ. ಎಂಟ್ ದಿನ ಆತು. ನನಗ ಗೊತ್ತಿತ್ತು. ಹೇಳಲಿಲ್ಲ."

ಹೇಳಿದ ಮೇಲೆ ಅವರ ಮುಖ ನೋಡಲು ಧೈರ್ಯವಾಗಲಿಲ್ಲ. ನೋಡದಿದ್ದರೆ ಅವರ ಉತ್ತರ ನನಗೆ ಸಿಗುವುದಿಲ್ಲ. ನೆಲ ನೋಡುತ್ತ ನಿಂತ ಅಷ್ಟು ಹೊತ್ತು ಅವರು ಏನು ಬೈದರೋ, ಇಂದಿಗೂ ಗೊತ್ತಿಲ್ಲ. ಭುಜ ತಟ್ಟಿದಾಗ ತಲೆಯೆತ್ತಿದೆ. "ಹೋಗು, ಆ ಹಾಳೆ ಹೊಸದಾಗಿ ತೆಗಿ. ಹಳೇ ಬೋರ್ಡಲ್ಲಿ" ಎಂದರು.

ಕೆಸರಿನ ಕೀಗಳ ಮೇಲೆ, ಒಂದೊಂದು ಅಕ್ಷರಕ್ಕೂ ಪರದೆ ನೋಡುತ್ತ, ಆ ಒಂದು ಹಾಳೆಗೆ ಅರ್ಧ ಗಂಟೆ ತೆಗೆದುಕೊಂಡೆ. ಮತ್ತೆ ಸಹಿಗಳು. ಅವರ ಸರದಿ ಹೋಗಿತ್ತು, ಊಟದ ಹೊತ್ತು ಕಳೆಯುವವರೆಗೆ ಕಾಯಬೇಕಾಯಿತು. ಅಣ್ಣನ ಬಸ್ಸು ಹೋಯಿತು. ಅವರು ಎರಡು ಸಲ ಎದ್ದು ಬಾಗಿಲವರೆಗೆ ಹೋದರು, ಎರಡು ಸಲವೂ ಮರಳಿ ಬಂದು ಕೂತರು. ಫೋನು ಬಂದಾಗ ತಂಗಿಗೆ ಬೆನ್ನು ಮಾಡಿ ಮಾತಾಡಿದರು, ತಿರುಗಿದಾಗ ಮುಖ ಬಿಗಿದಿತ್ತು. ಆದರೆ ಹೋಗಲಿಲ್ಲ. ಮೂರು ಗಂಟೆಯ ಹೊತ್ತಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು, ಫೋಟೋ ತೆಗೆದು, ಪತ್ರ ನೋಂದಣಿಯಾಯಿತು.

ಹೊರಡುವಾಗ ಗೌರಮ್ಮನವರು ನನ್ನೆದುರು ನಿಂತರು. ಕ್ಷಮಿಸುತ್ತಾರೆ ಎಂದುಕೊಂಡೆ. "ನಿನ್ ಕೈ ಚೆನ್ನಾಗೈತೆ. ಬಾಯಿ ಮೊದ್ಲೇ ಬಿಡ್ಬೇಕಾಗಿತ್ತು ಕಣವ್ವ. ನನ್ ಜೀವ ಹೋಗಿ ಬಂತು" ಎಂದರು. ಅಷ್ಟೇ ಹೇಳಿ ಹೋದರು.

ಮಾರನೆಯ ದಿನ ಕೀಬೋರ್ಡು ಕಚೇರಿಗೆ ತರಬೇಡ ಎಂದು ನಂಜುಂಡಯ್ಯನವರ ಅಪ್ಪಣೆಯಾಯಿತು. ಮನೆಯಲ್ಲಿ ಕೂತು, ಅದರ ಜೊತೆಗೇ ಬಂದಿದ್ದ ಚಿಮಟದಿಂದ ನಾಲ್ಕರ ಕೆಳಗಿನ ಸ್ವಿಚ್ಚನ್ನು ಎಳೆದು ತೆಗೆದೆ. ಇದರಲ್ಲಿ ಬೆಸುಗೆ ಇಲ್ಲ, ಬಳೆಯ ಹಾಗೆ ತೆಗೆದು ಹಾಕಬಹುದು. ಮೇಲಿನ ಸಾಲಿನ ಮೂಲೆಯಲ್ಲಿ ನಾನೆಂದೂ ಮುಟ್ಟದ ಒಂದು ಕೀ ಇತ್ತು. ಅದರ ಸ್ವಿಚ್ಚನ್ನು ನಾಲ್ಕಕ್ಕೆ ಹಾಕಿದೆ. ಹಾಳೆಯ ತುಂಬ ನಾಲ್ಕು ಒತ್ತಿ, ಮುದ್ರಿಸಿ, ಕೀಬೋರ್ಡಿನ ಸಮೇತ ನಂಜುಂಡಯ್ಯನವರ ಮುಂದಿಟ್ಟೆ. ಅವರು ಹಾಳೆ ನೋಡಲಿಲ್ಲ. ತಮ್ಮ ದಪ್ಪ ಬೆರಳಿನಿಂದ ತಾವೇ ನಾಲ್ಕನ್ನು ಒತ್ತಿದರು, ಬಹಳ ಹೊತ್ತು, ಒಂದೊಂದಕ್ಕೂ ಪರದೆ ನೋಡುತ್ತ.

"ಇರ್ಲಿ. ಏನಾದ್ರೂ ಕೆಟ್ರೆ ಅವತ್ತೇ ಹೇಳ್ಬೇಕು. ಕಿವಿ ಕೇಳದಿದ್ರೆ ನಡೀತದೆ, ಮುಚ್ಚಿಟ್ರೆ ನಡಿಯಲ್ಲ."

ಅಂದಿನಿಂದ ಪ್ರತಿ ಪತ್ರದ ಅಂಕಿಗಳನ್ನು ಅವರು ನನ್ನೆದುರು ಕೂತು ಓದುತ್ತಾರೆ, ನಾನು ಹಾಳೆಯಲ್ಲಿ ಗುರುತು ಹಾಕುತ್ತೇನೆ. ಮುಂದಿನ ವಾರ ಅವರು ಮೀಸೆಯನ್ನು ಗಿಡ್ಡ ಮಾಡಿಸಿಕೊಂಡು ಬಂದರು. ಅದು ನನಗಾಗಿಯೋ ಕ್ಷೌರದವನ ಇಷ್ಟವೋ, ನಾನು ಕೇಳಲಿಲ್ಲ.

ವರ್ಷ ತುಂಬುವ ಹೊತ್ತಿಗೆ ಎಂಟು ದಿನ ರಜೆ ಹಾಕಿ ಇಂಡಿಗೆ ಬಂದೆ. ಅವ್ವ ಕಟ್ಟೆಯ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದಳು. ನನಗೆ ಜ್ವರ ಬಂದು ಹೋದ ಮೇಲೆ, ಬೆಳಕಿಗೆ ಮುಖ ಮಾಡಿ ಮಾತಾಡುವುದನ್ನು ಊರಿನಲ್ಲೇ ಮೊದಲು ಕಲಿತವಳು ಅವಳು. ಬೆಳಕಿಗೇ ಮುಖ ಮಾಡಿ ಏನೋ ಕೇಳಿದಳು. ಅವಳ ತುಟಿ ಎರಡೂ ಕಡೆಗೆ ಎಳೆದುಕೊಂಡು ಮುಚ್ಚಿತು. ನನಗೆ ಸಿಗಲಿಲ್ಲ.

"ಏನಂದಿ ಯವ್ವಾ?"

ಅವಳ ಕೈಯ ಶೇಂಗಾ ಹಾಗೇ ಉಳಿಯಿತು. ಇಪ್ಪತ್ತಾರು ವರ್ಷದಲ್ಲಿ ಅವಳನ್ನು ನಾನು ಹಾಗೆ ಕೇಳಿದ್ದೇ ಇಲ್ಲ. "ಕಿವಿ ಪೂರಾ ಹೋತೇನ?" ಎಂದಳು. ಅದು ಮಾತ್ರ ಸ್ಪಷ್ಟವಾಗಿ ಸಿಕ್ಕಿತು. ಕಿವಿ ಇದ್ದಷ್ಟೇ ಇದೆ, ಕಣ್ಣಿಗೆ ಬೇರೆ ಬಾಯಿಗಳ ರೂಢಿಯಾಗಿದೆ ಎಂದು ಅವಳಿಗೆ ಹೇಗೆ ಹೇಳಲಿ? "ಇಲ್ಲಬೇ, ದಣಿದೀನಿ" ಎಂದೆ. ನಾಲ್ಕೈದು ದಿನದಲ್ಲಿ ಅವಳ ಮಾತು ಮತ್ತೆ ಸರಾಗವಾಯಿತು. ಆದರೆ ನಾನು ಮಲಗಿದಾಗ ಅವಳು ಹಿಂದಿನಿಂದ ಬಂದು ನನ್ನ ಬಲಗಿವಿಯ ಹತ್ತಿರ ಚಿಟಿಕೆ ಹೊಡೆದು ನೋಡುತ್ತಿದ್ದುದು ನನಗೆ ಗಾಳಿಯಿಂದ ತಿಳಿಯುತ್ತಿತ್ತು.

ಬೇಲೂರಿಗೆ ಮರಳಿದ ಬೆಳಗ್ಗೆ ಜಯಮ್ಮನವರು ಗೇಟಿನಲ್ಲಿದ್ದರು. ಅವರ ತುಟಿ ಇನ್ನೂ ಅರ್ಧ ತೆರೆದಿತ್ತು, ಅಷ್ಟರಲ್ಲೇ ನನಗೆ ಪೂರ್ತಿ ಅರ್ಥವಾಗಿತ್ತು: "ಬಂದ್ಯಾ? ನೀನಿಲ್ದೆ ಮನೆ ಬಿಕೋ ಅಂತಿತ್ತು ಕಣೇ." ಕಣ್ಣು ಕಿರಿದು ಮಾಡಲಿಲ್ಲ, ಎರಡನೆಯ ಸಲ ಕೇಳಲಿಲ್ಲ. "ಬಂದೆ ಕಣ್ರೀ" ಎಂದು ನಾನೂ ಉತ್ತರಿಸಿದೆ. ಆಮೇಲೆ ಮೆಟ್ಟಿಲ ಮೇಲೆ ಚೀಲ ಇಳಿಸಿ ಕೂತುಬಿಟ್ಟೆ. ಅವ್ವನ ಬಾಯಿ ಸಿಗದ ಕಣ್ಣಿಗೆ ಅಷ್ಟು ಸಲೀಸಾಗಿ ಅವರು ಅರ್ಥವಾದದ್ದಕ್ಕೇ ನನಗೆ ಹೆದರಿಕೆಯಾಗಿತ್ತು.