ಗಾಲಿಯ ಮುಂದೆ

ನಿಲಂಗಾಕ್ಕೆ ಹೊರಟು ಉದಗೀರದ ಪೇಟೆ ದಾಟುತ್ತಿದ್ದೆ. ಎದುರಿಗೇ ಜಿಲ್ಲೆ ಆಳುವ ತಾಲೂಕದಾರ ಸಾಹೇಬರ ಮೋಟಾರು ಒಬ್ಬ ಮುದುಕನಿಗೆ ತಾಗಿತು. ಮೊಣಕಾಲಿನ ರಕ್ತದ ಕಡೆ ಅವನ ಲಕ್ಷ್ಯವಿಲ್ಲ. ಶಿವದಾರ ಹರಿದು ಕೊರಳ ಲಿಂಗ ಧೂಳಿನಲ್ಲೆಲ್ಲೋ ಬಿದ್ದಿತ್ತು.

"ಯಾರೂ ಕಾಲ ಕೀಳಬ್ಯಾಡ್ರೆಪೋ!" ಎಂದು ನೆಲ ತಡವತೊಡಗಿದ. ಅದು ಸಿಗದಿದ್ದರೆ ಅವನು ಹನಿ ನೀರೂ ಮುಟ್ಟಲಾರ. ನನ್ನ ಕೈ ತಾನಾಗಿ ನನ್ನ ಕೊರಳ ಲಿಂಗಕ್ಕೆ ಹೋಯಿತು.

"ಹಟೋ!" ಎಂದು ಮೋಟಾರಿನ ಭೋಂಗಾ ಒತ್ತುತ್ತಿದ್ದ ಮುಸಲ್ಮಾನ ಡ್ರೈವರ್ ಕೊನೆಗೆ ಬೈಯುತ್ತ ಇಳಿದ, ಬಗ್ಗಿ ನೋಡಿದ. ಲಿಂಗ ಗಾಲಿಯಿಂದ ಗೇಣು ದೂರದಲ್ಲಿತ್ತು. ಚಾಚಿದ ಕೈ ಹಿಂದೆಳೆದುಕೊಂಡು, "ನಾ ಮುಟ್ಟಂಗಿಲ್ಲ ಕಾಕಾ, ನೀವೇ ಬರ್ರಿ" ಎಂದು ಗಾಲಿಗೆ ಅಡ್ಡ ನಿಂತ.

ಮುದುಕ ತೆವಳುತ್ತ ಬರುತ್ತಿದ್ದಾಗ ಭೋಂಗಾ ಮತ್ತೆ ಕೂಗಿತು. ಹಿಂದೆ ಕೂತಿದ್ದ ಸಾಹೇಬರೇ ಬಾಗಿ ಒತ್ತುತ್ತಿದ್ದರು. ಡ್ರೈವರ್ ತಿರುಗಿ ನೋಡಲಿಲ್ಲ.