ಗುಡುಗಿದಾಗ ನಾನು ಪ್ಲಗ್ ಕೀಳಲಿಲ್ಲ

ನಮ್ಮ ಕಡೆ ಗುಡುಗು ಗುರುಗುಟ್ಟಿತೆಂದರೆ ಜನ ಮೊದಲು ಪ್ಲಗ್ ಕೀಳುತ್ತಾರೆ. ಒಣಹಾಕಿದ ಬಟ್ಟೆ ಆಮೇಲೆ. ಸಿಡಿಲಿಗೆ ಟಿವಿ ಸುಟ್ಟುಕೊಳ್ಳದ ಮನೆ ಹೊಸನಗರದಿಂದ ತೀರ್ಥಹಳ್ಳಿಯವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ. ರಿಪ್ಪನ್‌ಪೇಟೆ ಕಡೆಯ ಒಂದು ಅಡಿಕೆ ಸೊಸೈಟಿಗೆ ನಾನು ಕಂಪ್ಯೂಟರ್ ನೋಡಿಕೊಳ್ಳಲು ಸೇರಿದಾಗ ಅಲ್ಲೂ ಅದೇ ಪದ್ಧತಿ. ಗುಡುಗಿದ ಕೂಡಲೇ ಮ್ಯಾನೇಜರು ಕೂಗುವರು: "ಫೋಲ್ಡರ್ ಪೆನ್‌ಡ್ರೈವಿಗೆ ಕಾಪಿ ಹೊಡಿ, ಪ್ಲಗ್ ಕೀಳು!"

ಅದೇ ಅವರ ಬ್ಯಾಕಪ್. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೂಟೆ ಯಾರದ್ದು ಎಂಬುದು ಒಂದು ಫೈಲಿನಲ್ಲಿ, ಅದರ ತೂಕ ಇನ್ನೊಂದರಲ್ಲಿ. ಕಾಪಿ ಓಡುವಾಗ ಅಂಗಳದಲ್ಲಿ ತೂಕ ನಿಲ್ಲುವುದಿಲ್ಲವಲ್ಲ! ಹೆಸರಿನ ಫೈಲು ಕಾಪಿಯಾದ ಮೇಲೆ ಬಂದವರ ತೂಕ ಮಾತ್ರ ಪೆನ್‌ಡ್ರೈವಿಗೆ ಹೋಗುತ್ತದೆ, ಹೆಸರು ಹೋಗುವುದಿಲ್ಲ. ಈ ಫೈಲುಗಳನ್ನೆಲ್ಲ ನಡೆಸುವ ಡೇಟಾಬೇಸನ್ನೇ ಬ್ಯಾಕಪ್ ಕೇಳಿದರೆ ಅದು ಒಂದೇ ಕ್ಷಣದ ಲೆಕ್ಕವನ್ನು ಪೂರ್ತಿಯಾಗಿ ಕೊಡುತ್ತದೆ, ತೂಕದವರೂ ಕೈ ನಿಲ್ಲಿಸಬೇಕಾಗಿಲ್ಲ. ಆದರೆ ಅದಕ್ಕೊಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಬೇಕು.

ಒಂದು ಮಧ್ಯಾಹ್ನ ಗುಡುಗಿತು. ಮ್ಯಾನೇಜರು ತಾವೇ ಓಡಿಬಂದು ಕಾಪಿ ಹೊಡೆದು ಪ್ಲಗ್ಗಿಗೆ ಕೈ ಚಾಚಿದರು. ನಾನು ಅಷ್ಟರಲ್ಲಿ ನನ್ನ ಬ್ಯಾಕಪ್ ಶುರು ಮಾಡಿ ಪ್ಲಗ್ಗಿಗೆ ಅಡ್ಡ ನಿಂತೆ.

"ಇದು ಮುಗಿಯೋ ತನಕ ಮುಟ್ಬೇಡಿ ಸಾರ್."

"ಸುಟ್ಟುಹೋದ್ರೆ ನಾಳೆಯಿಂದ ನೀನು ಬರೋದೇ ಬೇಡ!"

"ಬರಲ್ಲ ಬಿಡಿ."

ಹೆದರಿಕೆಯಾಗಲಿಲ್ಲ ಎಂದರೆ ಶುದ್ಧ ಸುಳ್ಳು. ಹೊರಗೆ ಮಿಂಚುತ್ತಲೇ ಇತ್ತು, ಆ ಕೆಲಸ ನನಗೆ ಬೇಕೂ ಆಗಿತ್ತು. ಆದರೂ ಜಗ್ಗಲಿಲ್ಲ. ಬ್ಯಾಕಪ್ ಮುಗಿದ ಮೇಲೆ ನಾನೇ ಪ್ಲಗ್ ಕಿತ್ತೆ. ಏನೂ ಸುಡಲಿಲ್ಲ.

ಆದರೆ ಮ್ಯಾನೇಜರು ಬಿಡಬೇಕಲ್ಲ! ನನ್ನನ್ನು ತೆಗೆಯಬೇಕೆಂದು ಅಧ್ಯಕ್ಷರಿಗೆ ದೂರು ಕೊಟ್ಟರು. ಅಧ್ಯಕ್ಷರು ತೋಟದವರು, ಅವರ ಅಡಿಕೆಯೂ ನಮ್ಮಲ್ಲಿಗೇ ಬರುವುದು. ಮರುದಿನ ಕರೆಸಿದರು.

"ಎಂತ ಮಾರಾಯ್ತಿ, ಕೆಲ್ಸ ಬೇಡ್ದಾ?"

"ಬೇಕು. ಎರಡು ಬ್ಯಾಕಪ್ಪನ್ನೂ ಇಲ್ಲೇ ಬಿಚ್ಚೋಣ. ಅವರದ್ದು ಸರಿಯಿದ್ರೆ ನಾನೇ ಹೋಗ್ತೀನಿ."

ಬೇರೆ ಲ್ಯಾಪ್‌ಟಾಪಿನಲ್ಲಿ ಮೊದಲು ನನ್ನದನ್ನು ಬಿಚ್ಚಿದೆ. ಎಲ್ಲ ಮೂಟೆಗೂ ಒಡೆಯರಿದ್ದರು. ಆಮೇಲೆ ಮ್ಯಾನೇಜರದ್ದು. ಅದೂ ತೆರೆದುಕೊಂಡಿತು.

"ನೋಡಿ ಸಾರ್, ಎಷ್ಟು ಚೆನ್ನಾಗಿದೆ!" ಎಂದು ಅವರು ಹಲ್ಲು ಬಿಟ್ಟರು.

ನಾನು ಕೆಳಗೆ, ಕೊನೆಯ ಸಾಲುಗಳಿಗೆ ಹೋದೆ. ತೂಕವಿತ್ತು. ಹೆಸರಿನ ಜಾಗ ಖಾಲಿ.

"ಇವು ಯಾರ ಮೂಟೆ ಸಾರ್?" ಎಂದು ಮ್ಯಾನೇಜರನ್ನು ಕೇಳಿದೆ.

ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಹಿಂದಿನ ಮಧ್ಯಾಹ್ನ ಗುಡುಗುವಾಗ ತಕ್ಕಡಿಯ ಪಕ್ಕ ನಿಂತು ತಮ್ಮ ಅಡಿಕೆ ತೂಕ ಮಾಡಿಸಿದ್ದು ಅವರೇ. ಗಾಬರಿಯಲ್ಲಿ ಮನೆಮಾತೇ ಬಂತು.

"ಅಯ್ಯೋ, ಇದು ಎನ್ನ ಮೂಟೆಯೇ ಅಲ್ದಾ!"

"ಸಿಡಿಲು ಬಡಿದು ಇದೊಂದೇ ಕಾಪಿ ಉಳಿದಿದ್ರೆ ಯಾರದ್ದೂ ಅಲ್ಲ," ಎಂದೆ. "ಈಗ ಹೇಳಿ, ನಾನು ಹೋಗ್ಲಾ?"

ಅವರು ಎದ್ದು ತಮ್ಮ ಮೂಟೆ ನೋಡಲು ನೇರ ಅಂಗಳಕ್ಕೆ ನಡೆದರು. ಆ ಮಧ್ಯಾಹ್ನ ಮತ್ತೆ ಗುಡುಗಿತು, ಮ್ಯಾನೇಜರು ಅಭ್ಯಾಸದಂತೆ ಪ್ಲಗ್ಗಿನ ಕಡೆ ಓಡಿದರು. ಅಂಗಳದಿಂದ ಅಧ್ಯಕ್ಷರ ದನಿ ಗುಡುಗಿಗಿಂತ ಜೋರಾಗಿ ಕೇಳಿಸಿತು:

"ಏಯ್, ಮುಟ್ಟಡ! ಅವಳ ಬ್ಯಾಕಪ್ ಮುಗೀಲಿ!"